ಡಿಜೆ ಕಲಿಯಬೇಕೆ? ಬಾಕ್ಸ್ ಆಮೇಲೆ, ಮೊದಲು ಹೆಡ್‌ಫೋನ್

ಹುಬ್ಬಳ್ಳಿಯ ಮನೆಯೊಂದರಲ್ಲಿ ಹುಡುಗ "ನಾ ಡಿಜೆ ಕಲೀತೇನಿ" ಅಂದರೆ ಅಪ್ಪ ಮೊದಲು ಕೇಳುವುದು, "ಟ್ರ್ಯಾಕ್ಟರ್ ಎಲ್ಲಿ ನಿಂದರಸ್ತೀ?" ಅಪ್ಪನ ತಪ್ಪೇನಿಲ್ಲ. ನಮ್ಮ ಕಡೆ ಡಿಜೆ ಎಂದರೆ ಮನುಷ್ಯನಲ್ಲ, ಸಾಮಾನು. ಗಣಪತಿ ಕಳಿಸುವ ದಿನ ಟ್ರಾಲಿಯ ಮೇಲೆ ಗೋಡೆಯಂತೆ ಪೇರಿಸಿದ ಬಾಕ್ಸ್‌ಗಳು, ಹಿಂದೊಂದು ಜನರೇಟರ್, ಮೇಲೆ ತಿರುಗುವ ಲೈಟು. "ಡಿಜೆ ಹಚ್ಯಾರ" ಅಂದರೆ ಇಷ್ಟು. ಅದರ ನಡುವೆ ಎಲ್ಲೋ ಲ್ಯಾಪ್‌ಟಾಪ್ ಹಿಡಿದು ಕೂತ ಹುಡುಗನನ್ನು ಯಾರೂ ನೋಡುವುದಿಲ್ಲ.

ಮಾತಿನ ಈ ಗೊಂದಲಕ್ಕೆ ದುಡ್ಡಿನ ಬೆಲೆ ಇದೆ. ಡಿಜೆ ಎಂದರೆ ಬಾಕ್ಸ್ ಎಂದು ತಿಳಿದವರು ಬಾಕ್ಸ್ ಕೊಳ್ಳುತ್ತಾರೆ. ನಾನೂ ಕೊಂಡೆ. ಯಾರೋ ಬಿಟ್ಟುಕೊಟ್ಟ 12 ಇಂಚಿನ ಎರಡು ಬಾಕ್ಸ್, ಒಂದು ಆಂಪ್ಲಿಫೈಯರ್. ಹಿಂದಿನ ಕೋಣೆಯಲ್ಲಿ ಇಟ್ಟು ಹಚ್ಚಿದ ಎರಡನೇ ದಿನ ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದು, "ತಮ್ಮಾ, ನನ್ನ ಎದಿ ಹೊಡ್ಕೊಳ್ಳಾಕತ್ತೈತಿ" ಅಂದರು. ಅಂದೇ ಬಾಕ್ಸ್‌ಗಳಿಗೆ ಹಳೆ ಚಾದರ ಹೊದಿಸಿದೆ. ಮುಂದೆ ಅಕ್ಕನ ಕುಬಸದಲ್ಲಿ ಅವುಗಳನ್ನು ಹೊರಗೆ ತಂದಾಗ ಗೊತ್ತಾಯಿತು, ಒಂದು ಹಾಡಿನಿಂದ ಇನ್ನೊಂದಕ್ಕೆ ಕುಣಿತ ನಿಲ್ಲದಂತೆ ಹೋಗುವ ಕೆಲಸ ನನಗೆ ಸ್ವಲ್ಪವೂ ಬಂದಿಲ್ಲ. ಬಾಕ್ಸ್ ಅದನ್ನು ಕಲಿಸುವುದೂ ಇಲ್ಲ.

ನೀವು ಹೊಸದಾಗಿ ಶುರು ಮಾಡುವವರಾದರೆ, ಅಥವಾ ನಿಮ್ಮ ಮಗ, ಮಗಳು ಹಟ ಹಿಡಿದಿದ್ದರೆ, ಯಾವ ಸಾಮಾನು ಯಾಕೆ ಬೇಕು, ಯಾವುದು ಮೊದಲು, ಯಾವುದು ಬೇಡವೇ ಬೇಡ ಎಂಬುದು ಮುಂದಿದೆ.

ಎರಡು ಹಾಡು, ಎರಡು ದಾರಿ

ಹಿನ್ನೆಲೆ ಎರಡೇ ಮಾತಿನಲ್ಲಿ. 1972ರಲ್ಲಿ ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಗ್ರಾಮಫೋನ್ ತಟ್ಟೆಯ ಯಂತ್ರ ಬಂತು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಎಂಬ ಹುಡುಗ ತಂಗಿಯ ಪಾರ್ಟಿಯಲ್ಲಿ ಎರಡು ತಟ್ಟೆ ಇಟ್ಟು, ಹಾಡಿನಲ್ಲಿ ಬರೀ ಡ್ರಮ್ ಇರುವ ತುಣುಕನ್ನೇ ಮುಂದುವರಿಸುತ್ತ ಹೋದ. 2001ರಲ್ಲಿ ಪಯೋನಿಯರ್ ಕಂಪನಿಯ ಸಿಡಿಜೆ-1000 ಬಂದು ಅದೇ ಕೆಲಸವನ್ನು ಸಿಡಿಗೆ ತಂದಿತು. ಈಗ ಎರಡೂ ತಟ್ಟೆ, ನಡುವಿನ ಮಿಕ್ಸರ್ ಎಲ್ಲ ಸೇರಿ ಲ್ಯಾಪ್‌ಟಾಪಿಗೆ ಜೋಡಿಸುವ ಒಂದೇ ಹಲಗೆಯಾಗಿದೆ. ಅದರ ಹೆಸರು ಕಂಟ್ರೋಲರ್.

ತಟ್ಟೆ ಯಾಕೆ ಎರಡು? ಜನ ಒಂದು ಹಾಡಿಗೆ ಕುಣಿಯುತ್ತಿರುವಾಗ ಡಿಜೆ ಮುಂದಿನ ಹಾಡನ್ನು ತನ್ನ ಕಿವಿಯಲ್ಲಿ ಮಾತ್ರ ಕೇಳುತ್ತಾನೆ. ಅದರ ಲಯವನ್ನು ಮೊದಲ ಹಾಡಿನ ಲಯಕ್ಕೆ ಕೂಡಿಸಿ, ಸರಿಯಾದ ಜಾಗ ಬಂದಾಗ ಹೊರಗೆ ಬಿಡುತ್ತಾನೆ. ಹೊರಗೆ ಹೋಗುವ ದಾರಿ ಒಂದು, ಕಿವಿಗೆ ಬರುವ ದಾರಿ ಇನ್ನೊಂದು. ಡಿಜೆ ಸಾಮಾನಿನ ಗುಟ್ಟೆಲ್ಲ ಈ ಎರಡು ದಾರಿಯಲ್ಲಿದೆ. ಅಂಗಡಿಯಲ್ಲಿ ಯಾವ ಯಂತ್ರ ತೋರಿಸಿದರೂ ಮೊದಲು ಕೇಳಬೇಕಾದದ್ದು ಇದನ್ನೇ: "ಹೊರಗೊಂದು ಹಾಡು ನಡೆದಾಗ ಹೆಡ್‌ಫೋನಿನಾಗ ಬ್ಯಾರೇದು ಕೇಳ್ತೈತೇನ್ರಿ?" ಇಲ್ಲ ಎಂದರೆ ಅದು ಆಟಿಕೆ.

ಇನ್ನು ಸರಿಯಾದ ಜಾಗ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್ ಅವರ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಯಕರು ತಾವು ಎಷ್ಟೇ ಸುತ್ತಿದರೂ ತಾಳದ ಮೊದಲ ಏಟಾದ ಸಮ್ಮಿಗೆ ಬಂದು ಇಳಿದಾಗಲೇ ಕೇಳುವವರ ತಲೆ ಆಡುವುದು. ಕುಣಿತದ ಹಾಡುಗಳಲ್ಲೂ ಸಮ್ ಇದೆ. ಇವು ಹೆಚ್ಚಾಗಿ ನಾಲ್ಕು ಏಟಿನ ಲೆಕ್ಕದವು. ಹೊಸ ವಾದ್ಯ ಸೇರುವುದು, ಹಾಡು ಶುರುವಾಗುವುದು, ಡ್ರಮ್ ನಿಲ್ಲುವುದು ಸಾಮಾನ್ಯವಾಗಿ 16 ಅಥವಾ 32 ಏಟು ಮುಗಿದಾಗ. 32 ಎಂದರೆ ತೀನ್‌ತಾಲದ ಎರಡು ಆವರ್ತನ, ಕೆಹರ್ವಾದ ನಾಲ್ಕು. ನಿಮಿಷಕ್ಕೆ 128 ಏಟಿನ ಹಾಡಿನಲ್ಲಿ ಈ 32 ಏಟು ಮುಗಿಯಲು ಸರಿಯಾಗಿ 15 ಸೆಕೆಂಡ್ ಹಿಡಿಯುತ್ತದೆ. ಹೊಸ ಹಾಡಿನ ಮೊದಲ ಏಟು ಹಳೆಯ ಹಾಡಿನ ಸಮ್ಮಿನ ಮೇಲೆ ಬಿದ್ದರೆ ಕಾಲು ತಪ್ಪುವುದಿಲ್ಲ. ನಡುವೆ ಬಿದ್ದರೆ ಕುಣಿಯುವವರು ಯಾಕೆಂದು ತಿಳಿಯದೆಯೇ ನಿಂತುಬಿಡುತ್ತಾರೆ. ತಬಲಾ ಕಲಿತವರು, ಭಜನಿ ಮೇಳದಲ್ಲಿ ತಾಳ ಹಾಕಿದವರು, ಕಾಮಣ್ಣನ ಹಬ್ಬಕ್ಕೆ ಜಗ್ಗಲಗಿ ಬಡಿದವರು ಈ ಕೆಲಸದಲ್ಲಿ ಉಳಿದವರಿಗಿಂತ ಆರು ತಿಂಗಳು ಮುಂದಿರುತ್ತಾರೆ ಎಂಬುದು ನನ್ನ ಅಂದಾಜು.

ಕೊಳ್ಳುವ ಮುಂಚೆ ಒಂದು ತಿಂಗಳು

ಹುಚ್ಚು ಎಷ್ಟು ದಿನ ಇರುತ್ತದೆ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಬಹುದು. ಇದಕ್ಕೆ ಖರ್ಚಿಲ್ಲವೆಂದರೂ ನಡೆದೀತು.

1. ಮನೆಯಲ್ಲಿರುವ ಲ್ಯಾಪ್‌ಟಾಪಿಗೆ ಮಿಕ್ಸ್ (ಹೆಸರಿನ ಕೊನೆಗೆ ಮೂರು ಎಕ್ಸ್ ಇರುವುದು) ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ. ಪೂರ್ತಿ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ವರ್ಚುವಲ್ ಡಿಜೆ ಕೂಡ ಮನೆಯ ಬಳಕೆಗೆ, ವ್ಯಾಪಾರಕ್ಕಲ್ಲದಿದ್ದರೆ, ಉಚಿತ.

2. ಲ್ಯಾಪ್‌ಟಾಪಿಗೆ ಆಡಿಯೋ ಹೊರದಾರಿ ಒಂದೇ. ಎರಡನೆಯದಕ್ಕೆ ಪೆನ್‌ಡ್ರೈವ್‌ನಷ್ಟು ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ಸಿಗುತ್ತದೆ. ಮಿಕ್ಸ್‌ನಲ್ಲಿ ಹೊರಗಿನ ಹಾಡಿಗೆ ಒಂದು, ಹೆಡ್‌ಫೋನಿಗೆ ಇನ್ನೊಂದು ಎಂದು ಆರಿಸಿಕೊಂಡರೆ ಎರಡು ದಾರಿ ಸಿದ್ಧ. ಕಾರ್ಯಕ್ರಮಕ್ಕೆ ಇದು ಸಾಲದು, ಕಲಿಕೆಗೆ ಸಾಕು.

3. ಹತ್ತೇ ಹಾಡು ಇಟ್ಟುಕೊಳ್ಳಿ. ಪ್ರತಿ ಹಾಡನ್ನೂ ಬೆರಳೆಣಿಸುತ್ತ ಕೇಳಿ, 32ರ ಮನೆ ಎಲ್ಲೆಲ್ಲಿ ಬದಲಾಗುತ್ತದೆ ಎಂದು ಕಾಗದದ ಮೇಲೆ ಬರೆಯಿರಿ. ಬೇಜಾರಿನ ಕೆಲಸ, ಆದರೆ ಬಿಡಬೇಡಿ.

4. ಲಯವನ್ನು ತಾನೇ ಕೂಡಿಸುವ ಸಿಂಕ್ ಬಟನ್ ಮುಟ್ಟದೆ ಎರಡು ಹಾಡುಗಳನ್ನು ಒಂದು ನಿಮಿಷ ಜೊತೆಗೆ ಓಡಿಸಲು ನೋಡಿ.

ತಿಂಗಳು ಕಳೆದರೂ ರಾತ್ರಿ ಊಟವಾದ ಮೇಲೆ ಕೈ ಲ್ಯಾಪ್‌ಟಾಪಿನ ಕಡೆಗೇ ಹೋಗುತ್ತಿದ್ದರೆ ಮುಂದಿನ ಪಟ್ಟಿ ಓದಿ. ಇಲ್ಲದಿದ್ದರೆ ದುಡ್ಡು ಉಳಿಯಿತು.

ಯಾವುದು ಮೊದಲು, ಯಾವುದು ಆಮೇಲೆ

1. ಹೆಡ್‌ಫೋನ್. ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು, ವೈರ್ ಇರುವಂಥದ್ದು. ಎರಡಕ್ಕೂ ಕಾರಣವಿದೆ. ಹೊರಗೆ ಬಾಕ್ಸ್ ಒದರುತ್ತಿರುವಾಗ ಒಳಗಿನ ಹಾಡು ಕೇಳಬೇಕಾದರೆ ಹೊರಗಿನ ಸದ್ದು ಒಳಬರಬಾರದು. ವೈರ್ ಯಾಕೆಂದರೆ ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ. ಸಾಮಾನ್ಯ ಬ್ಲೂಟೂತ್‌ನಲ್ಲಿ ಆ ತಡ ಸೆಕೆಂಡಿನ ಸಾವಿರ ಭಾಗಗಳಲ್ಲಿ ನೂರರಿಂದ ಇನ್ನೂರರಷ್ಟಾಗಬಹುದು. 128 ಏಟಿನ ಹಾಡಿನಲ್ಲಿ ಎರಡು ಏಟಿನ ನಡುವಿನ ಅಂತರವೇ ಸಾವಿರ ಭಾಗಗಳಲ್ಲಿ 469. ಅಂದರೆ ಕೈ ಸರಿಯಾದ ಹೊತ್ತಿಗೆ ಒತ್ತಿದರೂ ಕಿವಿಗೆ ಅರ್ಧ ಏಟಿನ ಹತ್ತಿರ ಹತ್ತಿರ ತಡವಾಗಿ ಕೇಳಿಸುತ್ತದೆ. ದುಬಾರಿಯ ಬ್ಲೂಟೂತ್ ತಂದರೂ ಹೆಚ್ಚಾಗಿ ಇದೇ ಹಣೆಬರಹ. ಸಿನಿಮಾ ನೋಡಲು ಇಟ್ಟುಕೊಳ್ಳಿ.

ಸೆನ್‌ಹೈಸರ್ ಎಚ್‌ಡಿ 25 ಕ್ಲಬ್‌ಗಳಲ್ಲಿ ಬಹಳ ಕಾಲದಿಂದ ನಡೆದುಬಂದ ಹೆಸರು, ಆದರೆ ಕಲಿಯುವವರಿಗೆ ಅಷ್ಟು ಬೇಕಿಲ್ಲ. ಆಡಿಯೋ ಟೆಕ್ನಿಕಾದ ಎಂ20ಎಕ್ಸ್, ಪಯೋನಿಯರ್‌ನ ಎಚ್‌ಡಿಜೆ-ಕ್ಯೂ1 ದರ್ಜೆಯದು ಸಾಕು. ಕೊಳ್ಳುವಾಗ ಒಂದು ಬದಿಯನ್ನು ಹಿಂದೆ ಸರಿಸಿ ಒಂದೇ ಕಿವಿಗೆ ಹಿಡಿದು ನೋಡಿ. ಕೆಲಸದಲ್ಲಿ ಅರ್ಧ ಹೊತ್ತು ಹಾಗೇ ನಿಲ್ಲಬೇಕಾಗುತ್ತದೆ.

2. ಕಂಟ್ರೋಲರ್. ದುಡ್ಡಿನ ದೊಡ್ಡ ಪಾಲು ಹೋಗುವುದು ಇಲ್ಲಿ, ಎಡವುವುದೂ ಇಲ್ಲಿಯೇ. ಎರಡು ಚಾನೆಲ್‌ದು, ಅಂದರೆ ಒಟ್ಟಿಗೆ ಎರಡು ಹಾಡು ನಡೆಸುವಂಥದ್ದು ಕೊಳ್ಳಿ. ನಾಲ್ಕು ಚಾನೆಲ್ ನೋಡಲು ಗತ್ತು, ಆದರೆ ಎರಡು ಎತ್ತು ಹೂಡಲು ಬರದವನು ನಾಲ್ಕೆತ್ತಿನ ಬಂಡಿ ಹತ್ತಿದಂತಾಗುತ್ತದೆ. ಹೆಸರು, ಬಣ್ಣ, ಮಿಣುಕುವ ದೀಪ ಬಿಟ್ಟು ಈ ಕೆಳಗಿನವನ್ನು ಒಂದೊಂದಾಗಿ ನೋಡಿ:

• ಒಳಗೇ ಸೌಂಡ್ ಕಾರ್ಡ್ ಇದೆಯೇ? ಹೊರಗಿನ ದಾರಿ, ಹೆಡ್‌ಫೋನಿನ ದಾರಿ ಎರಡೂ ಯಂತ್ರದ ಮೈಮೇಲೆಯೇ ಇರಬೇಕು. ಪಯೋನಿಯರ್‌ನ ಡಿಡಿಜೆ-200 ಅಗ್ಗವೆಂದು ಹಳೆಯದನ್ನು ಮಾರುವವರು ಸಿಗುತ್ತಾರೆ. ಅದರಲ್ಲಿ ಸೌಂಡ್ ಕಾರ್ಡ್ ಇಲ್ಲ, ಎರಡು ದಾರಿ ಮಾಡಲು ಕವಲು ಕೇಬಲ್ ಹಚ್ಚಬೇಕು. ಗೊತ್ತಿದ್ದು ಕೊಂಡರೆ ಸರಿ, ಗೊತ್ತಿಲ್ಲದೆ ಕೊಂಡರೆ ಮನೆಗೆ ಬಂದ ಮೇಲೆ ಅಳು.

• ಟೆಂಪೋ ಫೇಡರ್ ಉದ್ದವಿದೆಯೇ? ಹಾಡಿನ ವೇಗ ಹೆಚ್ಚು ಕಡಿಮೆ ಮಾಡುವ ಜಾರುಗುಂಡಿ ಇದು. ಸಾಮಾನ್ಯವಾಗಿ ಶೇಕಡಾ 8ರಷ್ಟು ಮೇಲೆ ಕೆಳಗೆ ಆಡುತ್ತದೆ. 120 ಏಟಿನ ಹಾಡನ್ನು 129ರ ಆಚೀಚೆಗೆ ಒಯ್ಯಬಹುದು. ಗುಂಡಿ ಗಿಡ್ಡವಿದ್ದರೆ ಕೂದಲೆಳೆಯಷ್ಟು ಸರಿಸಿದರೂ ಲಯ ಹಾರಿಹೋಗುತ್ತದೆ.

• ಬೇಸ್, ನಡುವಿನ ಸ್ವರ, ಮೇಲಿನ ಸ್ವರ ಏರಿಳಿಸುವ ಇಕ್ಯೂ ಗುಂಡಿ ಪ್ರತಿ ಚಾನೆಲಿಗೆ ಮೂರು ಇವೆಯೇ? ಎರಡು ಹಾಡಿನ ಬೇಸ್ ಒಟ್ಟಿಗೆ ಬಂದರೆ ಗದ್ದಲ. ಒಂದರ ಬೇಸ್ ಇಳಿಸಿ ಇನ್ನೊಂದರದು ಏರಿಸುವುದೇ ಮಿಕ್ಸಿಂಗ್‌ನ ಅರ್ಧ ಕಲೆ. ಅಗ್ಗದ ಕೆಲವು ಯಂತ್ರಗಳಲ್ಲಿ ಎರಡೇ ಗುಂಡಿ ಇರುತ್ತವೆ.

• ಜೊತೆಗೆ ಬರುವ ಸಾಫ್ಟ್‌ವೇರ್ ಯಾವುದು? ಯಂತ್ರ ಚೆನ್ನಾಗಿದ್ದು ಸಾಫ್ಟ್‌ವೇರ್‌ಗೆ ಪ್ರತಿ ತಿಂಗಳು ದುಡ್ಡು ಕಟ್ಟಬೇಕಾದರೆ ಲೆಕ್ಕ ಬೇರೆ.

ಈ ಜರಡಿಯಲ್ಲಿ ಉಳಿಯುವ ಮೂರು ಹೆಸರು ಹೇಳುತ್ತೇನೆ. ಹರ್ಕ್ಯುಲಸ್‌ನ ಇನ್‌ಪಲ್ಸ್ 300: ಲಯ ಕೂಡದಿದ್ದರೆ ಯಾವ ಕಡೆ ಸರಿಸಬೇಕೆಂದು ಬಾಣದ ದೀಪ ತೋರಿಸುತ್ತದೆ, ಗುರುವಿಲ್ಲದೆ ಕಲಿಯುವವರಿಗೆ ಇದು ದೊಡ್ಡ ಆಸರೆ. ನ್ಯೂಮಾರ್ಕ್‌ನ ಮಿಕ್ಸ್‌ಟ್ರ್ಯಾಕ್ ಪ್ರೊ ಎಫ್‌ಎಕ್ಸ್: ಚಕ್ರಗಳು ದೊಡ್ಡವು, ಕೈಗೆ ಜಾಗ ಹೆಚ್ಚು. ಪಯೋನಿಯರ್‌ನ ಡಿಡಿಜೆ-ಎಫ್‌ಎಲ್‌ಎಕ್ಸ್4: ಗುಂಡಿಗಳ ಜೋಡಣೆ ಕ್ಲಬ್‌ನ ದೊಡ್ಡ ಯಂತ್ರಗಳಂತೆಯೇ ಇರುವುದರಿಂದ ಮುಂದೆ ಗೋವಾಕ್ಕೋ ಬೆಂಗಳೂರಿಗೋ ಹೋಗಿ ನುಡಿಸುವಾಗ ಕೈ ಹೊಸದಾಗಿ ಪಳಗಬೇಕಿಲ್ಲ, ರೆಕಾರ್ಡ್‌ಬಾಕ್ಸ್, ಸೆರಾಟೋ ಲೈಟ್ ಎರಡರಲ್ಲೂ ನಡೆಯುತ್ತದೆ. ಆಸೆ ದೊಡ್ಡದಿದ್ದರೆ ಕೊನೆಯದು, ಒಬ್ಬರೇ ಕೂತು ಕಲಿಯುವುದಾದರೆ ಮೊದಲನೆಯದು ಎಂಬುದು ನನ್ನ ಮತ.

ಈ ಮೂರಕ್ಕೂ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಕರೆಂಟ್ ಬರುತ್ತದೆ. ಅಭ್ಯಾಸದ ನಡುವೆ ಲೈಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಅಭ್ಯಾಸ ನಿಲ್ಲುವುದಿಲ್ಲ.

3. ಲ್ಯಾಪ್‌ಟಾಪ್. ಇದ್ದದ್ದರಲ್ಲೇ ನಡೆಸಿ. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇದ್ದರೆ ಸಾಕು. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಬದಲು ಎಸ್‌ಎಸ್‌ಡಿ ಹಾಕಿಸಿ. ಹಾಡು ತಡವರಿಸಿದರೆ ಸಾಫ್ಟ್‌ವೇರ್‌ನಲ್ಲಿ ಬಫರ್ ಎಂಬ ಲೆಕ್ಕ ಏರಿಸಬೇಕು, ಕೈಗೂ ಸದ್ದಿಗೂ ನಡುವೆ ತಡವಾಗುತ್ತಿದ್ದರೆ ಇಳಿಸಬೇಕು. 256ಕ್ಕೆ ಇಟ್ಟರೆ ಬಫರ್‌ನಿಂದಾಗುವ ತಡ ಸೆಕೆಂಡಿನ ಸಾವಿರ ಭಾಗಗಳಲ್ಲಿ ಆರರಷ್ಟೇ, ಕಿವಿಗೆ ತಿಳಿಯುವುದಿಲ್ಲ.

4. ಮನೆಯ ಸ್ಪೀಕರ್. ಮೂರೂವರೆಯಿಂದ ಐದು ಇಂಚಿನ ಒಂದು ಜೋಡಿ ಆಕ್ಟಿವ್ ಮಾನಿಟರ್. ಆಕ್ಟಿವ್ ಎಂದರೆ ಆಂಪ್ಲಿಫೈಯರ್ ಒಳಗೇ ಇರುತ್ತದೆ. ಮನೆಯಲ್ಲಿ ಹಳೆಯ ಕಂಪ್ಯೂಟರ್ ಸ್ಪೀಕರ್ ಇದ್ದರೆ ಮೊದಲ ಆರು ತಿಂಗಳು ಅದೇ ಆದೀತು. ಇದೂ ವೈರ್‌ದೇ ಇರಲಿ, ಕಾರಣ ಮೇಲೆ ಹೇಳಿದ್ದೇ.

5. ಹಾಡು. ಇದನ್ನು ಯಾರೂ ಸಾಮಾನಿನ ಪಟ್ಟಿಗೆ ಸೇರಿಸುವುದಿಲ್ಲ, ನಾನು ಸೇರಿಸುತ್ತೇನೆ. ಯೂಟ್ಯೂಬಿನಿಂದ ಇಳಿಸಿದ ಹಾಡು ಫೋನಿನಲ್ಲಿ ಚೆನ್ನಾಗಿ ಕೇಳುತ್ತದೆ. ದೊಡ್ಡ ಬಾಕ್ಸಿನಲ್ಲಿ ಮೇಲಿನ ಸ್ವರ ಹರಿದ ಬಟ್ಟೆಯಂತೆ, ಬೇಸ್ ಕೆಸರಿನಂತೆ ಬರುತ್ತದೆ. ದುಡ್ಡು ಕೊಟ್ಟು 320 ಕೆಬಿಪಿಎಸ್ ಎಂಪಿ3 ತೆಗೆದುಕೊಳ್ಳಿ. ನಾಲ್ಕು ನಿಮಿಷದ ಹಾಡು 10 ಎಂಬಿ ಒಳಗೇ ಇರುತ್ತದೆ. 500 ಹಾಡು 5 ಜಿಬಿ ಮುಟ್ಟುವುದಿಲ್ಲ. ಐನೂರು ಯಾಕೆ, ಚೆನ್ನಾಗಿ ಗೊತ್ತಿರುವ ಐವತ್ತು ಸಾಕು.

ಉತ್ತರ ಕರ್ನಾಟಕದ ಹಾಡುಗಳ ಬಗ್ಗೆ ಒಂದು ಮಾತು. ಮದುವೆಯಲ್ಲಿ ಜನ ಈಗಿನ ಗಾಯಕ ಮಾಳು ನಿಪನಾಳರ ಹಾಡು ಕೇಳುತ್ತಾರೆ, ಅದರ ಬೆನ್ನಿಗೇ ರಾಜಕುಮಾರ್ ಕಾಲದ ಹಾಡು ಕೇಳುತ್ತಾರೆ. ಕಂಪ್ಯೂಟರಿನಲ್ಲಿ ಕಟ್ಟಿದ ಈಗಿನ ಹಾಡಿನ ಲಯ ಗಡಿಯಾರದಂತೆ ಒಂದೇ ಸಮ ಇರುತ್ತದೆ, ಸಿಂಕ್ ಬಟನ್ ಒತ್ತಿದರೆ ಕೂಡಿಕೊಳ್ಳುತ್ತದೆ. ಹಳೆಯ ಹಾಡಿನಲ್ಲಿ ತಬಲಾ, ಡೋಲಕ್ ಬಾರಿಸಿದವರು ಮನುಷ್ಯರು. ಉಮೇದಿಯಲ್ಲಿ ಲಯ ತುಸು ಏರುತ್ತದೆ, ಹಾಡಿನ ಜೊತೆ ತುಸು ಇಳಿಯುತ್ತದೆ. ಹಲಗಿ, ಡೊಳ್ಳಿನ ರೆಕಾರ್ಡಿಂಗ್ ಅಂತೂ ಕೇಳಲೇಬೇಡಿ. ಏಟಿನ ಗುರುತಿಗೆ ಸಾಫ್ಟ್‌ವೇರ್ ಹಾಕುವ ಗೆರೆ ಅರ್ಧ ಹಾಡಿಗೆ ತಪ್ಪಿಹೋಗಿರುತ್ತದೆ. ಅಲ್ಲಿ ಚಕ್ರದ ಮೇಲೆ ಬೆರಳಿಟ್ಟು ಕಿವಿಯಿಂದಲೇ ಹಿಡಿಯಬೇಕು. ಸಿಂಕ್ ಮುಟ್ಟದೆ ಕಲಿಯಿರಿ ಎಂದದ್ದು ಶುದ್ಧಿಯ ಹಟದಿಂದಲ್ಲ, ನಮ್ಮ ಊರಿನ ಹಾಡುಗಳಿಗೆ ಅದು ಆಗಿಬರುವುದಿಲ್ಲ ಎಂದು.

ದುಡ್ಡು ಹಂಚುವ ಲೆಕ್ಕ

ಇವೆಲ್ಲ ಹೊರದೇಶದ ಕಂಪನಿಗಳ ಸಾಮಾನು, ಬೆಲೆ ವರ್ಷಕ್ಕೊಮ್ಮೆ ಅಲ್ಲ, ತಿಂಗಳಿಗೊಮ್ಮೆ ಅಲುಗುತ್ತದೆ. ಹಾಗಾಗಿ ಪಾಲು ಹೇಳುತ್ತೇನೆ. ಲ್ಯಾಪ್‌ಟಾಪ್ ಬಿಟ್ಟು ನೂರು ರೂಪಾಯಿ ಇದೆ ಎಂದುಕೊಂಡರೆ ಕಂಟ್ರೋಲರಿಗೆ 60, ಹೆಡ್‌ಫೋನಿಗೆ 15, ಸ್ಪೀಕರಿಗೆ 15, ಉಳಿದ ಹತ್ತರಲ್ಲಿ ಕೇಬಲ್ ಮತ್ತು ಹಾಡು. ಕೈ ಬಿಗಿಯಿದ್ದರೆ ಸ್ಪೀಕರಿನ ಹದಿನೈದನ್ನು ಹೆಡ್‌ಫೋನಿಗೆ ಸೇರಿಸಿ. ಸಾಲ ಮಾಡಿ ಕೊಳ್ಳಬೇಡಿ. ಇದು ಮೊದಲ ವರ್ಷ ಒಂದು ರೂಪಾಯಿ ದುಡಿಯದ ಸಾಮಾನು.

ಎಲ್ಲಿ ಕೊಳ್ಳುವುದು

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆ, ದಾಜಿಬಾನ ಪೇಟೆಯ ಸುತ್ತ ಒಮ್ಮೆ ತಿರುಗಿ ವಿಚಾರಿಸಿ. ಆರ್ಡರ್ ಕೊಟ್ಟರೆ ತರಿಸಿಕೊಡುವವರೂ ಸಿಕ್ಕಾರು. ಬೆಂಗಳೂರಿನ ಎಸ್.ಪಿ. ರೋಡ್, ಮುಂಬೈಯ ಲ್ಯಾಮಿಂಗ್ಟನ್ ರೋಡ್ ಎಲೆಕ್ಟ್ರಾನಿಕ್ಸ್‌ನ ದೊಡ್ಡ ಪೇಟೆಗಳು. ಎಲ್ಲೇ ಕೊಂಡರೂ ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ. ಬಿಲ್ ಇಲ್ಲದೆ ಮೂರು ಸಾವಿರ ಕಡಿಮೆ ಎಂದರೆ, ಕೆಟ್ಟ ದಿನ ಆ ಮೂರು ಸಾವಿರ ನಿಮ್ಮನ್ನು ಕಾಯುವುದಿಲ್ಲ.

ಸೆಕೆಂಡ್‌ಹ್ಯಾಂಡ್ ತಪ್ಪೇನಲ್ಲ. ಎಷ್ಟೋ ಜನ ಆರು ತಿಂಗಳಿಗೆ ಬಿಟ್ಟು ಮಾರುತ್ತಾರೆ. ನಿಮ್ಮ ಲ್ಯಾಪ್‌ಟಾಪ್, ನಿಮ್ಮ ಹೆಡ್‌ಫೋನ್ ಒಯ್ದು ಅಲ್ಲೇ ಹಚ್ಚಿ ನೋಡಿ:

1. ಪ್ರತಿ ಫೇಡರನ್ನು ಹಾಡು ನಡೆದಾಗ ನಿಧಾನವಾಗಿ ಮೇಲೆ ಕೆಳಗೆ ಸರಿಸಿ. ಕರಕರ ಸದ್ದು ಬಂದರೆ ಧೂಳು ಹೊಕ್ಕಿದೆ. ನಮ್ಮ ಊರಿನ ಧೂಳು ಎಲ್ಲರಿಗೂ ಗೊತ್ತೇ ಇದೆ. ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಹೋಗಬಹುದು, ಹೋಗದೆಯೂ ಇರಬಹುದು. ಬೆಲೆ ಇಳಿಸಿ ಕೇಳಿ.
2. ಟೆಂಪೋ ಫೇಡರ್ ನಡುವೆ ಇಟ್ಟಾಗ ಪರದೆಯಲ್ಲಿ ಸೊನ್ನೆ ತೋರಿಸಬೇಕು, ಮುಟ್ಟದಿದ್ದಾಗ ಅಂಕಿ ಕುಣಿಯಬಾರದು.
3. ಯುಎಸ್‌ಬಿ ಕೇಬಲನ್ನು ಬುಡದಲ್ಲಿ ಹಗುರಾಗಿ ಅಲುಗಿಸಿ. ಸಂಪರ್ಕ ತಪ್ಪಿದರೆ ಆ ಯಂತ್ರ ಬಿಡಿ, ಕಾರ್ಯಕ್ರಮದ ನಡುವೆ ಕೈಕೊಡುವುದು ಅದೇ.
4. ಹೆಡ್‌ಫೋನ್ ತೂತಿನಲ್ಲಿ ಎರಡೂ ಕಿವಿಗೆ ಸದ್ದು ಬರುತ್ತಿದೆಯೇ ನೋಡಿ.
5. ನಿಮ್ಮ ಲ್ಯಾಪ್‌ಟಾಪಿನ ಈಗಿನ ವಿಂಡೋಸ್‌ಗೆ ಅದರ ಡ್ರೈವರ್ ಸಿಗುತ್ತದೆಯೇ, ದುಡ್ಡು ಕೊಡುವ ಮೊದಲು ಕಂಪನಿಯ ತಾಣದಲ್ಲಿ ನೋಡಿಕೊಳ್ಳಿ.

ಎಲ್ಲರೂ ಮಾಡುವ ತಪ್ಪುಗಳು

ಬಾಕ್ಸ್ ಮೊದಲು ಕೊಳ್ಳುವುದು, ನನ್ನ ಹಾಗೆ. ಕಾರ್ಯಕ್ರಮ ಸಿಕ್ಕಾಗ ಬಾಕ್ಸ್ ಬಾಡಿಗೆಗೆ ಬರುತ್ತದೆ, ಅದರ ಜೊತೆ ಅದನ್ನು ಬಲ್ಲ ಹುಡುಗನೂ ಬರುತ್ತಾನೆ.

ಕಳ್ಳ ಸಾಫ್ಟ್‌ವೇರ್ ಹಾಕಿಕೊಳ್ಳುವುದು. ಗೆಳೆಯ ಪೆನ್‌ಡ್ರೈವ್‌ನಲ್ಲಿ ಕೊಟ್ಟ ವರ್ಚುವಲ್ ಡಿಜೆ ಜೊತೆ ವೈರಸ್ಸೂ ಬರುತ್ತದೆ. ಉಚಿತವಾಗಿ ಸರಿಯಾದ್ದೇ ಸಿಗುವಾಗ ಈ ಕಳ್ಳತನಕ್ಕೆ ಅರ್ಥವೂ ಇಲ್ಲ.

ಎಲ್ಲ ಗುಂಡಿ ಏರಿಸಿ ಕೆಂಪು ದೀಪ ಹತ್ತುವಂತೆ ಮಾಡುವುದು. ಕೆಂಪು ದೀಪ ಜೋರಿನ ಗುರುತಲ್ಲ, ಸದ್ದಿನ ತುದಿ ಕತ್ತರಿಸಿ ಹೋಗುತ್ತಿರುವುದರ ಗುರುತು. ಬಾಕ್ಸಿನ ಮೇಲಿನ ಚಿಕ್ಕ ಸ್ಪೀಕರ್ ಸುಡುವುದು ಹೆಚ್ಚಾಗಿ ಇದರಿಂದಲೇ. ಹಸಿರಿನಲ್ಲೇ ಇಟ್ಟು, ಜೋರು ಬೇಕಿದ್ದರೆ ಆಂಪ್ಲಿಫೈಯರ್‌ನಲ್ಲಿ ಏರಿಸಿ.

ಎಫೆಕ್ಟ್ ಗುಂಡಿಗಳ ಮೋಹ. ಪ್ರತಿ ಹತ್ತು ಸೆಕೆಂಡಿಗೆ ಸೈರನ್ ಹಾಕುವವನಿಗೆ ಮಿಕ್ಸಿಂಗ್ ಬರುವುದಿಲ್ಲ ಎಂದು ನಾನು ಕಣ್ಣುಮುಚ್ಚಿ ಹೇಳುತ್ತೇನೆ.

ಎಚ್ಚರಿಕೆ

ಕಿವಿ ಒಂದೇ ಜೊತೆ. ಕೆಲಸದ ಜಾಗದ ಸುರಕ್ಷತೆಯಲ್ಲಿ ಬಳಸುವ ಒಂದು ಲೆಕ್ಕದ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧಕ್ಕಿಳಿಯುತ್ತದೆ. 94ಕ್ಕೆ ಒಂದು ತಾಸು, 100ಕ್ಕೆ ಬರೀ 15 ನಿಮಿಷ. ಹೆಡ್‌ಫೋನ್ ಏರಿಸಿ ರಾತ್ರಿಯಿಡೀ ಕೂತ ಮರುದಿನ ಕಿವಿಯಲ್ಲಿ ಗುಂಯ್ ಎಂದರೆ ಅದು ದಣಿವಲ್ಲ, ಪೆಟ್ಟು.

ಕರೆಂಟ್ ವಿಷಯದಲ್ಲಿ ಜಾಣತನ ಬೇಡ. ಸ್ಪೀಕರಿನಲ್ಲಿ ಹುಂ ಎಂಬ ಸದ್ದು ಬರುತ್ತಿದೆಯೆಂದು ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ತಪ್ಪಿಸಿ ಹಚ್ಚುವುದನ್ನು ಮೈಕ್‌ಸೆಟ್‌ನವರಲ್ಲೂ ನೋಡಿದ್ದೇನೆ. ಸದ್ದು ಹೋಗುತ್ತದೆ, ರಕ್ಷಣೆಯೂ ಹೋಗುತ್ತದೆ. ಲ್ಯಾಪ್‌ಟಾಪ್, ಸ್ಪೀಕರ್ ಎರಡನ್ನೂ ಒಂದೇ ಬೋರ್ಡಿನಿಂದ ಹಚ್ಚಿ. ಬಹಳ ಸಲ ಹುಂ ಅಷ್ಟಕ್ಕೇ ನಿಲ್ಲುತ್ತದೆ.

ಕಾಯ್ದೆಯೂ ಗೊತ್ತಿರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಧ್ವನಿವರ್ಧಕಕ್ಕೆ ಮೊದಲೇ ಅನುಮತಿ ಬೇಕು. "ಎಲ್ಲಾರೂ ಹಚ್ತಾರ" ಎಂಬುದು ಸ್ಟೇಶನ್ನಿನಲ್ಲಿ ನಡೆಯುವ ಉತ್ತರವಲ್ಲ, ಜಪ್ತಿಯಾಗುವುದು ಸಾಮಾನು.

ಮೊದಲ ಸಲ ಹೊರಗೆ ನುಡಿಸುವಾಗ

ಮೂರು ನಾಲ್ಕು ತಿಂಗಳ ಮೇಲೆ ಯಾರದೋ ಮನೆಯ ಅರಿಶಿನದ ಕಾರ್ಯಕ್ರಮಕ್ಕೆ ಕರೆ ಬರುತ್ತದೆ. ಪುಕ್ಕಟೆ ಇದ್ದರೂ ಹೋಗಿ. ಬಾಕ್ಸ್ ಪೆಂಡಾಲಿನವರೇ ತಂದಿರುತ್ತಾರೆ. ನೀವು ಕಂಟ್ರೋಲರ್ ಇಟ್ಟ ಕೂಡಲೆ ಅವರ ಕಡೆಯ ಅಣ್ಣ ಬಂದು ಕೇಳುವ ಒಂದೇ ಪ್ರಶ್ನೆ, "ಪಿನ್ ಯಾವ್ದೈತ್ರಿ?" ನಿಮ್ಮ ಯಂತ್ರದ ಹಿಂದೆ ಕೆಂಪು, ಬಿಳಿ ಬಣ್ಣದ ಆರ್‌ಸಿಎ ಇರುತ್ತದೆ. ಅವರ ಮಿಕ್ಸರಿನಲ್ಲಿ ಪಿ-38 ಎನ್ನುವ ದಪ್ಪ ಪಿನ್ನಿನ ತೂತು ಇರಬಹುದು, ಮೂರು ಮೊಳೆಯ ಎಕ್ಸ್‌ಎಲ್‌ಆರ್ ಇರಬಹುದು. ಆರ್‌ಸಿಎಯಿಂದ ಪಿ-38ಕ್ಕೆ ಒಂದು ಜೋಡಿ, ಆರ್‌ಸಿಎಯಿಂದ ಎಕ್ಸ್‌ಎಲ್‌ಆರ್‌ಗೆ ಒಂದು ಜೋಡಿ, ಯುಎಸ್‌ಬಿ ಕೇಬಲ್ ಇನ್ನೊಂದು, ಇವನ್ನು ಹಳೆಯ ಟಿಫಿನ್ ಚೀಲದಲ್ಲಿ ಸುತ್ತಿಟ್ಟುಕೊಂಡು ಹೋಗಿ. ಅದೇ ಚೀಲದಲ್ಲಿ ಒಂದು ಪೆನ್‌ಡ್ರೈವ್, ಒಂದು ತಾಸಿನಷ್ಟು ಹಾಡು ತುಂಬಿ. ಲ್ಯಾಪ್‌ಟಾಪ್ ಮುನಿಸಿಕೊಂಡರೆ ಅಣ್ಣನ ಮಿಕ್ಸರಿಗೇ ಪೆನ್‌ಡ್ರೈವ್ ಚುಚ್ಚಿ, ನೀವು ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡುವವರೆಗೆ ಮದುಮಗಳ ಸೋದರತ್ತಿಯರು ಕುಣಿಯುತ್ತಿರುತ್ತಾರೆ.